ಈ ವಾರ ನಮ್ಮ ಪಾಳಿ

ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ಕನ್ನಡದವರು ಫೋನ್ ಮಾಡಿದರೆ ಕೇಳುವುದು ಹೆಚ್ಚುಕಮ್ಮಿ ಒಂದೇ. ತೊಗರಿಬೇಳೆ ಎಲ್ಲಿ ಸಿಗುತ್ತೆ? ಜರ್ಮನ್ ಬರದೆ ನಡೆಯುತ್ತಾ? ಯುಗಾದಿಗೆ ಕನ್ನಡದವರೆಲ್ಲ ಎಲ್ಲಿ ಸೇರುತ್ತೀರಿ? ಮಗುವಿಗೆ ಕಿಂಡರ್‌ಗಾರ್ಟನ್ ಸಿಗುವುದು ಎಷ್ಟು ಕಷ್ಟ? ಗೊತ್ತಿದ್ದಷ್ಟು ಹೇಳುತ್ತೇನೆ. ಕೊನೆಗೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬಿಲ್ಡಿಂಗಿನಲ್ಲಿ ಕೇರ್‌ವೋಖೆ ಇದೆಯಾ?

ಇದ್ದರೆ ನಿಮ್ಮ ಅದೃಷ್ಟ ಅಂತಲೇ ಹೇಳುತ್ತೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಕೇರ್‌ವೋಖೆ ಅಂದರೆ ಗುಡಿಸುವ ವಾರ. ಜರ್ಮನಿಯ ಈ ನೈಋತ್ಯ ಭಾಗದಲ್ಲಿ, ಅದರಲ್ಲೂ ಶ್ವೇಬಿಯಾದಲ್ಲಿ ಇದು ಬಹಳ ಹಳೆಯ ಪದ್ಧತಿ. ಒಂದು ಬಿಲ್ಡಿಂಗಿನಲ್ಲಿರುವ ಮನೆಯವರೆಲ್ಲ ಸರದಿ ಪ್ರಕಾರ ಎಲ್ಲರಿಗೂ ಸೇರಿದ ಜಾಗವನ್ನು ಚೊಕ್ಕ ಮಾಡಬೇಕು. ಇದರಲ್ಲಿ ಸಣ್ಣದು, ದೊಡ್ಡದು ಅಂತ ಎರಡು. ಸಣ್ಣದರಲ್ಲಿ ನಿಮ್ಮ ಬಾಗಿಲ ಮುಂದಿನ ಜಾಗ ಮತ್ತು ಅಲ್ಲಿಂದ ಕೆಳಗಿನ ಮಹಡಿವರೆಗಿನ ಮೆಟ್ಟಿಲು. ಎದುರುಬದುರು ಎರಡು ಮನೆಯಿದ್ದರೆ ಒಂದು ವಾರ ಅವರು, ಮುಂದಿನ ವಾರ ನಾವು. ದೊಡ್ಡದು ಬಂತೆಂದರೆ ಮುಖ್ಯ ಬಾಗಿಲು, ನೆಲಮಾಳಿಗೆಯ ಓಣಿ, ಕಸದ ಡಬ್ಬಿ ಇಡುವ ಜಾಗ, ಮನೆ ಮುಂದಿನ ಫುಟ್‌ಪಾತ್ ಎಲ್ಲವೂ ನಿಮ್ಮದೇ. ಚಳಿಗಾಲದಲ್ಲಿ ಆ ಫುಟ್‌ಪಾತಿನ ಹಿಮವೂ ನಿಮ್ಮದೇ. ಕೆಲಸದ ದಿನವಾದರೆ ಬೆಳಿಗ್ಗೆ ಏಳರ ಹೊತ್ತಿಗೆ ಹಿಮ ಬಳಿದು ದಾರಿ ಬಿಡಿಸಿರಬೇಕು. ಅಲ್ಲಿ ಯಾರಾದರೂ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಹೊಣೆ ಮನೆಯವರ ತಲೆಗೇ ಬರಬಹುದು.

ಯಾರ ಪಾಳಿ ಅಂತ ತಿಳಿಸಲು ಒಂದು ಸಣ್ಣ ಹಲಗೆ ಇರುತ್ತದೆ. ಈ ವಾರದ ಕೆಲಸ ಮುಗಿಸಿದವರು ಅದನ್ನು ತಂದು ಮುಂದಿನವರ ಬಾಗಿಲ ಹಿಡಿಗೆ ತೂಗುಹಾಕಿ ಹೋಗುತ್ತಾರೆ. ಬೆಲ್ ಮಾಡುವುದಿಲ್ಲ, ಹೇಳುವುದೂ ಇಲ್ಲ. ಸಂಜೆ ಆಫೀಸಿನಿಂದ ಬಂದಾಗ ಹಲಗೆ ನಿಮ್ಮ ಬಾಗಿಲಲ್ಲಿದ್ದರೆ ಮುಗಿಯಿತು.

ಇದಕ್ಕೆ ಐದು ಶತಮಾನದ ಇತಿಹಾಸವಿದೆ. 1492ರಲ್ಲಿ ವುರ್ಟೆಂಬರ್ಗಿನ ದೊರೆ ಎಬರ್‌ಹಾರ್ಡ್ ಸ್ಟುಟ್‌ಗಾರ್ಟ್ ಊರಿಗೆ ಕೊಟ್ಟ ನಿಯಮದಲ್ಲಿಯೇ, ಊರು ಚೊಕ್ಕವಾಗಿರಬೇಕು, ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ತಮ್ಮ ಕೊಳೆ ಹೊರಗೆ ಸಾಗಿಸಬೇಕು ಅನ್ನುವ ಮಾತಿದೆ. ಊರಿನ ಕಾನೂನಾಗಿ ಇದು 1988ರವರೆಗೂ ಉಳಿದಿತ್ತು. ಈಗ ಕಾನೂನು ಹೋಗಿದೆ, ಬಾಡಿಗೆ ಕರಾರಿನಲ್ಲಿ ಒಂದು ಸಾಲಾಗಿ ಉಳಿದುಕೊಂಡಿದೆ. ಸಹಿ ಹಾಕುವಾಗ ಆ ಸಾಲನ್ನು ಯಾರೂ ಸರಿಯಾಗಿ ಓದಿರುವುದಿಲ್ಲ ಅನ್ನುವುದು ಬೇರೆ ಮಾತು.

ಕಾಗದದ ಲೆಕ್ಕದಲ್ಲಿ ಇಲ್ಲಿ ನೆಲೆಯಾಗುವುದು ಅಷ್ಟೇನೂ ಕಷ್ಟವಲ್ಲ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಚೀಟಿ ಬೇಕು. ಆ ನೋಂದಣಿ ಪತ್ರ ಇದ್ದರೆ ಬ್ಯಾಂಕು, ತೆರಿಗೆ ನಂಬರು, ಮಗುವಿನ ಶಾಲೆ ಎಲ್ಲ ಒಂದರ ಹಿಂದೆ ಒಂದು ಆಗುತ್ತವೆ. ಬ್ಲೂ ಕಾರ್ಡಿನವರಾದರೆ, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ ಇದ್ದವರಾದರೆ, ಬಿ1 ಅನ್ನುವ ನಡುಮಟ್ಟದ ಜರ್ಮನ್ ಕಲಿತು, ಉಳಿದ ಷರತ್ತು ಪೂರೈಸಿ, 21 ತಿಂಗಳಿಗೆ ಖಾಯಂ ಪರವಾನಗಿ ತೆಗೆದುಕೊಳ್ಳಬಹುದು. ಹೆಸರಿನ ಗೊಂದಲವೊಂದು ಬಿಟ್ಟರೆ ಉಳಿದದ್ದೆಲ್ಲ ಸಲೀಸು.

ಹೆಸರಿನ ಗೊಂದಲದ ಬಗ್ಗೆ ಮಾತ್ರ ಹೇಳಲೇಬೇಕು. ಇಲ್ಲಿ ಫ್ಲಾಟಿಗೆ ನಂಬರು ಇರುವುದಿಲ್ಲ. ಅಂಚೆ ಬರುವುದು ಬೆಲ್ ಮೇಲೆ, ಡಬ್ಬಿಯ ಮೇಲೆ ಬರೆದ ಮನೆತನದ ಹೆಸರು ನೋಡಿ. ನಮಗೆ ಮನೆತನದ ಹೆಸರೆಲ್ಲಿದೆ? ನನ್ನ ಪಾಸ್‌ಪೋರ್ಟಿನ ಕೊನೆಯ ಹೆಸರು ನನ್ನ ಅಪ್ಪನದು. ಗಂಡನದರಲ್ಲಿ ಅವರ ಅಪ್ಪನದು. ಮಗಳದರಲ್ಲಿ ಗಂಡನ ಹೆಸರು. ಮೂವರ ಮನೆ, ಮೂರು ಹೆಸರು. ಅವೆಲ್ಲವನ್ನೂ ಬೆಲ್ ಪಕ್ಕದ ಆ ಬೆರಳಗಲದ ಪಟ್ಟಿಯಲ್ಲಿ ಹಿಡಿಸಬೇಕು. ಅಂಚೆಯವರು ಒಂದು ದಿನ ಮೇಲೆ ಬಂದು, ಇಲ್ಲಿ ಎಷ್ಟು ಸಂಸಾರ ಇದ್ದೀರಿ ಅಂತ ಕೇಳಿಯೇ ಬಿಟ್ಟರು. ಬೀದರಿನಿಂದ ಚಾಮರಾಜನಗರದವರೆಗೆ ಯಾರೇ ಬಂದರೂ ಇಲ್ಲಿ ಇದೇ ಕಥೆ.

ಕಾಗದ ಸರಿಯಾದ ಮಾತ್ರಕ್ಕೆ ಊರು ನಮ್ಮದಾಗುವುದಿಲ್ಲ, ಅಲ್ವಾ? ನಮ್ಮಲ್ಲಿ ಎಷ್ಟೋ ಜನ ಖಾಯಂ ಪರವಾನಗಿ ಬಂದ ಮೇಲೂ ಇಲ್ಲಿ ಲಾಡ್ಜಿನಲ್ಲಿದ್ದವರ ಹಾಗೆ ಇದ್ದುಬಿಡುತ್ತಾರೆ. ಆಫೀಸು, ಮನೆ, ಶನಿವಾರ ನಮ್ಮವರ ಮನೆಯಲ್ಲಿ ಊಟ. ಬೆಂಗಳೂರಿನಲ್ಲಿ ಮೈಕೋ ಅಂತಲೇ ಕರೆಯುವ ಬಾಷ್ ಕಂಪನಿಯ ಮೂಲ ಈ ಊರು. ಹಾಗಾಗಿ ನಾವಿರುವ ಫೊಯರ್‌ಬಾಖ್ ಕಡೆ ಸುತ್ತ ಎಲ್ಲಿ ಹೋದರೂ ಕನ್ನಡ ಕಿವಿಗೆ ಬೀಳುತ್ತದೆ. ಮನಸ್ಸು ಮಾಡಿದರೆ ಜರ್ಮನರ ಜೊತೆ ಹಲೋಗಿಂತ ಜಾಸ್ತಿ ಮಾತಾಡದೆ ವರ್ಷಗಟ್ಟಲೆ ಇರಬಹುದು. ಅದು ನೆಮ್ಮದಿಯ ಬದುಕೇ. ಆದರೆ ಆ ನೆಮ್ಮದಿಯಲ್ಲಿ ಒಂದು ಟೊಳ್ಳು ಇದೆ. ಊರು ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಯಾರೂ ಏನನ್ನೂ ಕೇಳದ ಜಾಗದಲ್ಲಿ ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮನ್ನು ಮೊದಲು ಕೇಳಿದ್ದು ಆ ಹಲಗೆ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ನಮ್ಮ ಬಾಗಿಲಿಗೆ ಹಲಗೆ ಬಂದ ಮೊದಲ ಶನಿವಾರ ಅವರೇ ಮೇಲೆ ಬಂದರು. ಏಪ್ರನ್ ಕಟ್ಟಿಕೊಂಡು, ಬಕೆಟ್ಟು, ಎರಡು ಬಟ್ಟೆ ಹಿಡಿದುಕೊಂಡೇ ಬಂದಿದ್ದರು. ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಕು. ಕಾಲೊರಸು ಎತ್ತಿ ಅದರಡಿ ಗುಡಿಸಬೇಕು, ಸುತ್ತ ಗುಡಿಸಿದರೆ ಸಾಲದು. ಮೆಟ್ಟಿಲಿನ ಒಳಮೂಲೆಗೆ ಸಣ್ಣ ಬ್ರಶ್ಶು. ಧೂಳು ಪೂರ್ತಿ ತೆಗೆದ ಮೇಲೆಯೇ ಒದ್ದೆ ಬಟ್ಟೆ, ಇಲ್ಲದಿದ್ದರೆ ಕೆಸರಾಗುತ್ತೆ. ಒಂದು ಬಟ್ಟೆ ಮೆಟ್ಟಿಲಿಗೆ, ಇನ್ನೊಂದು ಕೈಹಿಡಿಗೆ. ಕೈಹಿಡಿಯ ಕೆಳಭಾಗವನ್ನೂ ಒರೆಸಬೇಕು, ಅಲ್ಲಿ ಮಕ್ಕಳು ಹಿಡಿದುಕೊಳ್ಳುತ್ತಾರೆ. ಇಷ್ಟನ್ನು ಅವರು ಮಾಡಿ ತೋರಿಸುತ್ತ, ನಡುನಡುವೆ ನನ್ನ ಕೈಗೆ ಬಟ್ಟೆ ಕೊಡುತ್ತ ಒಂದು ಮಹಡಿ ಇಳಿದೆವು. ಅವರು ಆಡುವುದು ಶ್ವೇಬಿಯದ ಜರ್ಮನ್. ತರಗತಿಯಲ್ಲಿ ಕಲಿತ ಭಾಷೆ ಹಿಡಿದುಕೊಂಡು ಅವರ ಎದುರು ನಿಂತರೆ, ಮೈಸೂರು ಕನ್ನಡ ಕಲಿತು ಕುಂದಾಪುರದಲ್ಲಿ ಬಸ್ ಇಳಿದ ಹಾಗೆ. ಆದರೂ ಕೈಯಲ್ಲಿ ಕೆಲಸ ಇದ್ದುದರಿಂದ ಮಾತು ನಡೆಯಿತು. ಮೆಟ್ಟಿಲು ಒರೆಸುತ್ತ ಕಲಿತ ಜರ್ಮನ್ ನನಗೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮಲ್ಲಿ ಹಲವರಿಗೆ ಈ ಪದ್ಧತಿ ಇರಿಸುಮುರಿಸು ಮಾಡುತ್ತದೆ. ಸಮಯ ಇಲ್ಲ, ಸೊಂಟ ನೋವು ಅಂತ ಕಾರಣ ಕೊಡುತ್ತಾರೆ. ಕೆಲವರಿಗೆ ಅದು ನಿಜವೂ ಹೌದು. ಆದರೆ ಒಳಗಿನ ಕಾರಣ ಬೇರೆ ಅಂತ ನನಗೆ ಅನಿಸಿದೆ. ಮನೆಯೊಳಗೆ ಗುಡಿಸುವುದು ನಮಗೆ ಹೊಸತಲ್ಲ. ಹೊಸ್ತಿಲ ಆಚೆ ಗುಡಿಸುವುದು ಮಾತ್ರ ಬೇರೆ ಯಾರದೋ ಕೆಲಸ. ಆ ಬೇರೆಯವರು ಯಾರು ಅನ್ನುವುದನ್ನು ನಮ್ಮ ಕಡೆ ಜಾತಿ ಎಂದೋ ತೀರ್ಮಾನ ಮಾಡಿಟ್ಟಿದೆ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅವರಲ್ಲೂ ಹೆಂಗಸರೇ ಹೆಚ್ಚು. ಅಪಾರ್ಟ್‌ಮೆಂಟಿನ ಮೆಟ್ಟಿಲಿಗೂ ಇದೇ ಲೆಕ್ಕ. ನಾವು ಆ ಲೆಕ್ಕವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ವಿಮಾನ ಹತ್ತಿರುತ್ತೇವೆ.

ಇಲ್ಲಿ ಬಂದರೆ ಎದುರು ಮನೆಯ ಇಂಜಿನಿಯರು, ಮೇಲಿನ ಮನೆಯ ಶಾಲಾ ಮೇಷ್ಟ್ರು, ಕೆಳಗಿನ ಅಜ್ಜಿ, ಎಲ್ಲರ ಕೈಗೂ ಅದೇ ಪೊರಕೆ. ಯಾರೂ ಅದರಿಂದ ಸಣ್ಣವರಾಗುವುದಿಲ್ಲ. ದುಡ್ಡು ಕೊಟ್ಟರೆ ಕಂಪನಿಯವರು ಬಂದು ಮಾಡಿಕೊಡುತ್ತಾರೆ. ವಯಸ್ಸಾದವರು, ಎಳೆ ಕೂಸಿರುವವರು ಹಾಗೆ ಮಾಡಿಸಲಿ, ಯಾರೂ ಬೇಡ ಅನ್ನುವುದಿಲ್ಲ. ಕೈಕಾಲು ಗಟ್ಟಿ ಇರುವವರು ಮಾತ್ರ ಇದನ್ನು ದುಡ್ಡು ಕೊಟ್ಟು ಕಳಚಿಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಎಷ್ಟೋ ವಿಷಯದಲ್ಲಿ ಹೊಸಬರಿಗೆ ನಿಮ್ಮಿಷ್ಟ ಅಂತ ಹೇಳುತ್ತೇನೆ. ಇದರಲ್ಲಿ ಹೇಳುವುದಿಲ್ಲ.

ಅಂದಹಾಗೆ ಇಲ್ಲಿ ಪೊರಕೆಗೆ ಇನ್ನೊಂದು ಮರ್ಯಾದೆ ಇದೆ. ಸ್ಟುಟ್‌ಗಾರ್ಟ್ ಬೋಗುಣಿಯಂಥ ಕಣಿವೆಯಲ್ಲಿರುವ ಊರು. ಸುತ್ತಲ ಗುಡ್ಡದ ಮೇಲೆ, ಊರೊಳಗೇ, ದ್ರಾಕ್ಷಿ ತೋಟಗಳಿವೆ. ತೋಟದವರು ವರ್ಷದಲ್ಲಿ ಕೆಲವು ವಾರ ತಮ್ಮ ಮನೆಯಲ್ಲಿಯೇ ತಾವು ಮಾಡಿದ ವೈನು, ಸಾದಾ ಊಟ ಮಾರಬಹುದು. ಅಂಗಡಿ ತೆರೆದಿದೆ, ಬನ್ನಿ ಅಂತ ಹೇಳಲು ಮನೆ ಮುಂದೆ ಒಂದು ಪೊರಕೆ ತೂಗುಹಾಕುತ್ತಾರೆ. ನಮ್ಮಲ್ಲಿ ನೆಂಟರ ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದೆ ಇಡುವ ವಸ್ತು ಅದು.

ಅಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಿದ್ದಾಗ ಏನನ್ನುತ್ತಾಳೋ ಅಂತ ನನಗೆ ಅಳುಕಿತ್ತು. ಸಾಗರದ ಹತ್ತಿರದ ಹಳ್ಳಿಯಿಂದ ಹೊರಗೆ ಹೆಚ್ಚು ಇದ್ದವಳಲ್ಲ. ಬಾಗಿಲಿನ ಹಲಗೆ ನೋಡಿ, "ಇದೇನೇ ಇದು?" ಅಂದಳು. ಹೇಳಿದೆ. "ಓ, ಪಾಳಿಯಾ? ಹಾಗಾದರೆ ಈ ವಾರದ್ದು ನಾನು ಮಾಡ್ತೀನಿ ಬಿಡು" ಅಂತ ಸೆರಗು ಸಿಕ್ಕಿಸಿಯೇಬಿಟ್ಟಳು. ಅವಳಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಬೆಳಗಾದರೆ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟ ಮೇಲೆಯೇ ಒಲೆ ಹಚ್ಚುತ್ತಿದ್ದವಳು. ನೀರಾವರಿ ಪಾಳಿ, ದೇವಸ್ಥಾನದ ಪೂಜೆ ಪಾಳಿ ನೋಡಿಕೊಂಡೇ ಬೆಳೆದವಳು. ನನಗಿಂತ ಬೇಗ ಅವಳಿಗೆ ಈ ಊರು ಅರ್ಥವಾಯಿತು.

ಮೆಟ್ಟಿಲು ಒರೆಸಿ ಆದ ಮೇಲೆ ನಮ್ಮ ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಒಂದು ರಂಗೋಲಿ ಇಟ್ಟಳು. ಅಕ್ಕಿಹಿಟ್ಟಿನದು. ಗುಡಿಸಿದ ಜಾಗದಲ್ಲಿ ಮತ್ತೆ ಹಿಟ್ಟು ಹಾಕಿದ್ದಾರೆ ಅಂತ ಯಾರಾದರೂ ಬೇಸರ ಮಾಡಿಕೊಂಡಾರು ಅಂತ ನಾನು ಕೆಳಗಿನ ಅಜ್ಜಿಗೆ ವಿಷಯ ಹೇಳಿಬಂದೆ. ಅವರು ಮೇಲೆ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಹಳ ಹೊತ್ತು ನೋಡಿದರು. ಇದು ಎಷ್ಟು ದಿನ ಇರಬೇಕು ಅಂತ ಕೇಳಿದರು. ದಿನಾ ಬೆಳಿಗ್ಗೆ ಹೊಸದು ಅಂದೆ. ಮುಂದಿನ ವಾರ ಎದುರು ಮನೆಯವರ ಪಾಳಿ ಇತ್ತು. ಅವರು ಇಡೀ ಜಾಗ ಒರೆಸಿದ್ದರು, ರಂಗೋಲಿಯ ಸುತ್ತ ಒಂದು ಗೇಣು ಬಿಟ್ಟು.

ಅಮ್ಮ ಮತ್ತು ಆ ಅಜ್ಜಿ ನಡುವೆ ಮಾತು ಅಂತ ಇರಲಿಲ್ಲ. ಆದರೆ ಅಡುಗೆ ಇತ್ತು. ಶ್ವೇಬಿಯದವರ ಮನೆ ಊಟ ಅಂದರೆ ಬೇಳೆಕಾಳು. ಕಂದು ಬಣ್ಣದ ಲೆಂಟಿಲ್ ಬೇಯಿಸಿ, ವಿನೆಗರಿನ ಹುಳಿ ಹಾಕಿ, ಸ್ಪೆಟ್ಸ್ಲೆ ಅನ್ನುವ ಮೊಟ್ಟೆ ಹಾಕಿದ ಹಿಟ್ಟಿನ ಎಳೆಗಳ ಜೊತೆ, ಸಾಸೇಜು ಇಟ್ಟು ತಿನ್ನುತ್ತಾರೆ. ಇಲ್ಲಿನ ಗುಡ್ಡಗಾಡು ಶ್ವೇಬಿಷ್ ಆಲ್ಬ್‌ನಲ್ಲಿ ಹಿಂದೆ ಇದನ್ನು ಬೆಳೆಯುತ್ತಿದ್ದರು. ಕಳೆದ ಶತಮಾನದ ನಡುವಿನಲ್ಲಿ ಬೆಳೆಯುವುದು ನಿಂತು ಹೋಗಿ, ತಳಿಯೇ ಅಳಿಯಿತು ಅಂದುಕೊಂಡಿದ್ದರು. 2006ರಲ್ಲಿ ಆ ಬೀಜ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ ಸಿಕ್ಕಿತು. ಅಲ್ಲಿಂದ ತಂದು ರೈತರು ಮತ್ತೆ ಬಿತ್ತಿದ್ದಾರೆ. ಅಜ್ಜಿ ಸಾಸೇಜಿಲ್ಲದೆ, ಸ್ಪೆಟ್ಸ್ಲೆ ಇಲ್ಲದೆ, ಬರೀ ಬೇಳೆಯನ್ನು ಒಂದು ಪಾತ್ರೆಯಲ್ಲಿ ತಂದುಕೊಟ್ಟರು. ಅಮ್ಮ ರುಚಿ ನೋಡಿ, "ಹುಳಿ ಹದವಾಗಿದೆ, ಒಗ್ಗರಣೆ ಇಲ್ಲ ಅಷ್ಟೇ" ಅಂದಳು. ಪಾತ್ರೆ ಖಾಲಿ ಕೊಡಬಾರದು ಅಂತ ಅದರಲ್ಲಿ ತಂಬುಳಿ ಹಾಕಿ ಕಳಿಸಿದಳು.

ಒಗ್ಗರಣೆ ಅಂದಾಗ ಕಿಟಕಿಯ ನೆನಪಾಗುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ ದಿನಕ್ಕೆ ಒಂದೆರಡು ಸಲ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು. ಇಲ್ಲದಿದ್ದರೆ ಇಡ್ಲಿ ಪಾತ್ರೆಯ ಹಬೆಯೆಲ್ಲ ಗೋಡೆಗೆ ಕೂತು ಬೂಷ್ಟು ಬರುತ್ತದೆ. ಆಮೇಲೆ ಮನೆ ಖಾಲಿ ಮಾಡುವಾಗ ಠೇವಣಿಗೆ ಕತ್ತರಿ. ಭಾನುವಾರ ಡ್ರಿಲ್ ಹಾಕಬಾರದು, ಗಾಜಿನ ಬಾಟಲಿಗಳನ್ನು ಡಬ್ಬಿಗೆ ಎಸೆಯಬಾರದು. ಅಂಗಡಿಗಳೂ ಮುಚ್ಚಿರುತ್ತವೆ. ಭಾನುವಾರ ವಿರಾಮದ ದಿನ ಅನ್ನುವುದನ್ನು 1919ರ ವೈಮಾರ್ ಸಂವಿಧಾನ ಹೇಳಿತ್ತು, ಈಗಿನ ಸಂವಿಧಾನವೂ ಆ ಸಾಲನ್ನು ಹಾಗೇ ಉಳಿಸಿಕೊಂಡಿದೆ. ಮೊದಮೊದಲು ಹಾಲು ಮುಗಿದರೆ ಪರದಾಟ. ಈಗ ಭಾನುವಾರ ಎಲ್ಲ ಕಡೆ ತೆರೆದಿರುವ ಊರಿಗೆ ಹೋದರೆ ಅಂಗಡಿಯವರಿಗೆ ರಜೆ ಯಾವಾಗ ಅಂತ ಯೋಚನೆ ಬರುತ್ತದೆ.

ಈ ಊರಿನವರು ನಮ್ಮೂರಿಗೆ ಬಂದು ನೆಲೆಸಿದ ಕಥೆಯನ್ನು ಇಲ್ಲಿ ಬಂದ ಮೇಲೆ ಮತ್ತೆ ಓದಿದೆ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಸ್ಟುಟ್‌ಗಾರ್ಟಿನಿಂದ ಅಷ್ಟೇನೂ ದೂರವಿಲ್ಲದ ಬ್ರಾಕನ್‌ಹೈಮ್‌ನಲ್ಲಿ. ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮಂಗಳೂರು ಸಮಾಚಾರ ಹೊರತಂದವರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಆ ದಿನವನ್ನೇ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಅವರು ತೀರಿಕೊಂಡದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ, 1881ರಲ್ಲಿ. ಫರ್ಡಿನಾಂಡ್ ಕಿಟೆಲ್ ಜರ್ಮನಿಯ ಉತ್ತರದ ಕಡಲ ಕರೆಯವರು. ಆದರೆ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಆ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದ್ದು ಮೇಲೆ ಹೇಳಿದ ಅದೇ ಎಬರ್‌ಹಾರ್ಡ್.

ಅವರು ಬಂದ ಉದ್ದೇಶ ಮತಪ್ರಚಾರ. ಅದನ್ನು ಮುಚ್ಚಿಟ್ಟು ಹೊಗಳಬೇಕಾಗಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಕಿಟೆಲ್ ಅವರ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಪದಗಳ ಪುಸ್ತಕ. ಹೊರಗಿನವರೊಬ್ಬರು ಬಂದು, ಹಳೆಗನ್ನಡದ ಕಾವ್ಯದಿಂದ ಹಿಡಿದು ಜನರ ಬಾಯಿಯ ಗಾದೆವರೆಗೆ ಕೂಡಿಸಿ, ನಮ್ಮ ಮಾತನ್ನು ನಮಗೇ ಜೋಡಿಸಿಕೊಟ್ಟರು. ಅಲ್ಲಿ ಬರೀ ಇದ್ದು ಹೋಗುವವರು ಮಾಡುವ ಕೆಲಸವಲ್ಲ ಅದು. ಕಿಟೆಲ್ ಅವರಷ್ಟು ನಮ್ಮಿಂದ ಆಗದಿರಬಹುದು. ಆದರೆ ಬಂದ ಊರಿನ ಯಾವುದಾದರೂ ಒಂದು ಕೆಲಸಕ್ಕೆ ಹೆಗಲು ಕೊಡಲು ಯಾರಿಗೂ ಅಡ್ಡಿ ಇಲ್ಲ.

ಮಗಳ ಶಾಲೆಯಲ್ಲಿ ವರ್ಷದ ಶುರುವಿಗೆ ಪೋಷಕರ ಸಭೆ ಇರುತ್ತದೆ. ಸಂಜೆ ಏಳಕ್ಕೆ, ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತು, ತರಗತಿಯ ಪ್ರತಿನಿಧಿಯನ್ನು ಆರಿಸುತ್ತಾರೆ. ಯಾರು ನಿಲ್ಲುತ್ತೀರಿ ಅಂದಾಗ ಎಲ್ಲರೂ ಮೇಜು ನೋಡುತ್ತಾರೆ. ಇದು ಎಲ್ಲ ದೇಶದಲ್ಲೂ ಹೀಗೇ ಇರಬೇಕು. ನಾನು ಕೈಯೆತ್ತಿದೆ. ನನ್ನ ಜರ್ಮನ್‌ನಲ್ಲಿ ಇಂದಿಗೂ ಲಿಂಗ ತಪ್ಪುತ್ತದೆ, ಯಾರಿಗೂ ಅದರಿಂದ ತೊಂದರೆಯಾಗಿಲ್ಲ. ಆ ವರ್ಷ ನವೆಂಬರಿನ ಸೇಂಟ್ ಮಾರ್ಟಿನ್ ಹಬ್ಬದ ಲಾಟೀನು ಮೆರವಣಿಗೆಗೆ ರಸ್ತೆ ದಾಟಿಸುವವರ ಪಟ್ಟಿ ಮಾಡಿದ್ದು ನಾನೇ. ಟರ್ಕಿಯವರು, ಕ್ರೊಯೇಷಿಯದವರು, ಇಲ್ಲಿಯವರೇ ಆದವರು, ಎಲ್ಲರ ಮನೆಗೂ ಫೋನ್ ಮಾಡಿದೆ. ಈಗ ರಸ್ತೆಯಲ್ಲಿ ಸಿಕ್ಕವರು ನಿಂತು ಮಾತಾಡುತ್ತಾರೆ.

ಶಾಲೆಯ ಪ್ರತಿನಿಧಿಯಾಗಲು ಪಾಸ್‌ಪೋರ್ಟ್ ಕೇಳುವುದಿಲ್ಲ. ಊರಿನ ಪ್ರತಿನಿಧಿಯನ್ನು ಆರಿಸಲು ಕೇಳುತ್ತಾರೆ. 2024ರ ಜೂನಿನಲ್ಲಿ ಇಲ್ಲಿನ ನಗರಸಭೆಗೆ ಚುನಾವಣೆ ನಡೆಯಿತು. ಹದಿನಾರು ವರ್ಷದ ಹುಡುಗರೂ ಓಟು ಹಾಕಿದರು. ಎದುರು ಮನೆಯ ಪೋಲೆಂಡಿನ ದಂಪತಿ ನಮಗಿಂತ ಎಷ್ಟೋ ಆಮೇಲೆ ಬಂದವರು, ಯುರೋಪಿನ ಒಕ್ಕೂಟದ ಪ್ರಜೆಗಳಾದ್ದರಿಂದ ಅವರಿಗೂ ಓಟಿತ್ತು. ನಮಗಿರಲಿಲ್ಲ. ಫುಟ್‌ಪಾತಿನ ಹಿಮ ಬಳಿಯುವುದು ನಾವು, ಆ ಫುಟ್‌ಪಾತ್ ಎಷ್ಟು ಅಗಲ ಇರಬೇಕು ಅಂತ ಹೇಳುವ ಹಕ್ಕು ನಮಗಿಲ್ಲ. ಇದು ನನಗೆ ಚುಚ್ಚುತ್ತದೆ. ಅದೇ ತಿಂಗಳು ಜರ್ಮನಿಯ ಪೌರತ್ವ ಕಾನೂನು ಬದಲಾಯಿತು. ಎಂಟು ವರ್ಷದ ಬದಲು ಐದು ವರ್ಷ ಇದ್ದವರು ಅರ್ಜಿ ಹಾಕಬಹುದು, ಹಳೆಯ ಪೌರತ್ವ ಬಿಡಬೇಕು ಅಂತ ಜರ್ಮನಿ ಕೇಳುವುದೂ ಇಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇದನ್ನು ತೆಗೆದುಕೊಂಡರೆ ಅದನ್ನು ಒಪ್ಪಿಸಿ, ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡು ಮಾಡಿಸಿಕೊಳ್ಳಬೇಕು.

ಈ ವಿಷಯ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಕುದಿಯಿತು. ಗಂಡ ಬೇಗ ಒಪ್ಪಿದರು. ನನಗೆ ಆಗಲಿಲ್ಲ. ನೀಲಿ ಪಾಸ್‌ಪೋರ್ಟು ಬರೀ ಕಾಗದ ಅಂತ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರ ಮೇಲೆ ತೋಟದ ಯೋಚನೆ. ಓಸಿಐ ಇದ್ದವರು ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಕೊನೆಗೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಊರಿನ ವಕೀಲರನ್ನು ಮೊದಲೇ ಕೇಳಿ ಇಟ್ಟುಕೊಂಡಿದ್ದರು.

"ಕೊಳ್ಳೋಕೆ ಆಗಲ್ಲ, ಆದರೆ ಇರೋದು ವಾರಸಿನಲ್ಲಿ ಬರತ್ತಂತೆ. ಈ ತೋಟಕ್ಕೆ ಏನೂ ಆಗಲ್ಲ. ಅದು ಬಿಡು, ಅಲ್ಲಿ ನಿಮಗೆ ಓಟು ಬರತ್ತಾ?"

"ಬರತ್ತೆ ಅಪ್ಪ."

"ಮತ್ತೆ ಇನ್ನೇನು ನೋಡ್ತಾ ಕೂತಿದೀಯ? ಇರೋ ಊರಲ್ಲಿ ಓಟಿಲ್ದೆ ಹೇಗೆ ಇರ್ತೀರಿ?"

ಪೌರತ್ವದ ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ಅದು ಮುಗಿದಿದೆ. ಅರ್ಜಿಯನ್ನೂ ಹಾಕಿದ್ದೇವೆ. ಇಲ್ಲಿನ ಕಚೇರಿಯಲ್ಲಿ ಫೈಲು ನಿಧಾನ, ಎಲ್ಲರೂ ಕಾಯುತ್ತಿದ್ದಾರೆ, ನಾವೂ ಕಾಯುತ್ತಿದ್ದೇವೆ. ಮುಂದಿನ ನಗರಸಭೆ ಚುನಾವಣೆ 2029ರಲ್ಲಿ. ಅಷ್ಟರೊಳಗೆ ಕೈಗೆ ಬರಲಿ.